ಫೈರ್ ಡೋರಿನ ಪಟ್ಟಿ ಸಡಿಲಾಗಿದೆ: ಚೌಕಟ್ಟೇ ಬದಲಿಸಬೇಕಾ?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಲ್ಲಿ ನಮ್ಮದು ನಾಲ್ಕು ಮಹಡಿಯ ಹೆಣ್ಣುಮಕ್ಕಳ ಹಾಸ್ಟೆಲ್. ಪ್ರತಿ ಮಹಡಿಯಲ್ಲೂ ಮೆಟ್ಟಿಲಿನ ಕಡೆಗೆ ಮರದ ಫೈರ್ ಡೋರ್, ಅಂದರೆ ಬೆಂಕಿ ತಡೆಯುವ ಬಾಗಿಲು ಇದೆ. ಬಾಗಿಲಿನ ಅಂಚಿನ ಪ್ಲೇಟಿನಲ್ಲಿ 60 ನಿಮಿಷ ಎಂದು ಬರೆದಿದೆ. ಬಾಗಿಲು ಹಾಕಿದಾಗ ಬಂದು ತಾಗುವ ಮರದ ಪಟ್ಟಿಗಳನ್ನು ಚೌಕಟ್ಟಿಗೆ ಬೇರೆಯಾಗಿ ಹೊಡೆದಿದ್ದಾರೆ. ಎರಡು ಬಾಗಿಲುಗಳಲ್ಲಿ ಬಿಜಾಗರಿ ಕಡೆಯ ಪಟ್ಟಿ ಸಡಿಲಾಗಿದೆ. ಇನ್ನೊಂದರಲ್ಲಿ ಪಟ್ಟಿಯ ಬುಡ ಕೊಳೆತಿದೆ. ಒಬ್ಬ ಬಡಿಗೇರರು "ಪ್ಲೈವುಡ್ ಪಟ್ಟಿ ಹೊಡದ್ರ ಮುಗೀತ್ರಿ" ಅಂದರು. ಇನ್ನೊಬ್ಬರು "ಫೈರ್ ಡೋರಿಗೆ ಪಟ್ಟಿ ನಡಿಯಂಗಿಲ್ಲ, ಒಂದು ಇಂಚು ಚೌಕಟ್ಟಿನಾಗ ಕೊರದಿರಬೇಕು, ಚೌಕಟ್ಟs ಬದಲ ಮಾಡ್ರಿ" ಅಂದರು. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಪೂರ್ತಿ ಹಾಕಿಕೊಳ್ಳುವುದಿಲ್ಲ. ರಂದಾ ಹೊಡೆಸಬಹುದಾ? ಯಾರ ಮಾತು ಕೇಳಬೇಕು?

ಉತ್ತರ: ಚೌಕಟ್ಟು ಬದಲಿಸಬೇಡಿ. ಪ್ಲೈವುಡ್ ಪಟ್ಟಿಯನ್ನೂ ಹೊಡೆಸಬೇಡಿ. ರಂದಾದ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಎರಡು ಬಾಗಿಲಲ್ಲೂ ಬಿಜಾಗರಿ ಕಡೆಯ ಪಟ್ಟಿಯೇ ಸಡಿಲಾಗಿದೆ ಅನ್ನೋದು. ಅದು ತಾನಾಗಿ ಸಡಿಲಾಗುವ ಜಾಗ ಅಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಆ ಒಂದು ಇಂಚಿನ ಜಗಳ ಮುಗಿಸಿಬಿಡೋಣ.

ಒಂದು ಇಂಚು ಅನ್ನುವ ಲೆಕ್ಕ ಗಾಳಿಮಾತಲ್ಲ. 1951ರ ಬ್ರಿಟಿಷ್ ಮಾನದಂಡದಲ್ಲಿ, ಬಿಎಸ್ 459ರ ಮೂರನೇ ಭಾಗದಲ್ಲಿ, ಫೈರ್ ಡೋರಿನ ಚೌಕಟ್ಟಿಗೆ ಒಂದು ಇಂಚಿನ ರಿಬೇಟ್, ಅಂದರೆ ಬಾಗಿಲು ಬಂದು ಕೂರಲು ಚೌಕಟ್ಟಿನ ಮರದಲ್ಲೇ ಕೊರೆದ ಮೆಟ್ಟಿಲು, ಕೇಳುತ್ತಿದ್ದರು. ಆಗ ಬಾಗಿಲಿನ ಸಂದಿಯಲ್ಲಿ ಬಿಸಿ ತಾಗಿದರೆ ಉಬ್ಬುವ ಪಟ್ಟಿ ಕೂರಿಸುವ ರೂಢಿ ಇರಲಿಲ್ಲ. ಸಂದಿಯಿಂದ ಬೆಂಕಿ ದಾಟದಂತೆ ತಡೆಯಲು ಮರದ ದಪ್ಪವನ್ನೇ ನಂಬಬೇಕಿತ್ತು. ಆಮೇಲೆ ಉಬ್ಬುವ ಪಟ್ಟಿ ಬಂತು, ಆ ನಿಯಮದ ಅಗತ್ಯ ಹೋಯಿತು. ಮೇಸ್ತ್ರಿಗಳ ಬಾಯಲ್ಲಿ ಮಾತ್ರ ಒಂದು ಇಂಚು ಹಾಗೇ ಉಳಿದುಕೊಂಡಿದೆ. ನಿಮ್ಮ ಎರಡನೇ ಬಡಿಗೇರರು ಯಾರೋ ಹಿರಿಯರ ಕೈಕೆಳಗೆ ಕಲಿತವರಿರಬೇಕು. ಅವರ ಕಾಳಜಿ ಸರಿ, ಲೆಕ್ಕ ಹಳೆಯದು.

ಲೆಕ್ಕ ಹಳೆಯದು ಅಂತ ಹೇಗೆ ಗೊತ್ತಾಗುತ್ತೆ? ನೀವೇ ಗುಣಾಕಾರ ಮಾಡಿ ನೋಡಿ. ಬೆಂಕಿಗೆ ಸಿಕ್ಕ ಮರ ಒಂದು ನಿಮಿಷಕ್ಕೆ ಇಷ್ಟು ಅಂತ ಇದ್ದಿಲಾಗುತ್ತಾ ಹೋಗುತ್ತದೆ. ಯುರೋಪಿನ ಮರದ ಕಟ್ಟಡಗಳ ಸಂಹಿತೆಯಲ್ಲಿ, ಯೂರೋಕೋಡ್ 5ರಲ್ಲಿ, ಗಟ್ಟಿ ಮರಕ್ಕೆ ನಿಮಿಷಕ್ಕೆ ಸುಮಾರು 0.5 ಎಂಎಂ, ಮೆತ್ತನೆ ಮರಕ್ಕೆ 0.65ರಿಂದ 0.8 ಎಂಎಂ ಹಿಡಿಯುತ್ತಾರೆ. ಹಾಗಾದರೆ ಸಾಮಾನ್ಯವಾಗಿ ಹೊಡೆಯುವ 12 ಎಂಎಂ ಪಟ್ಟಿ ಒಳ್ಳೆಯ ಸಾಗವಾನಿಯದೇ ಆದರೂ 24 ನಿಮಿಷಕ್ಕೆ ಮುಗಿಯಿತು. ಅದೂ ಒಂದೇ ಕಡೆಯಿಂದ ಉರಿದರೆ. ಇನ್ನು ಒಂದು ಇಂಚಿನ ರಿಬೇಟ್? ಗಟ್ಟಿ ಮರದಲ್ಲಿ 50 ನಿಮಿಷ. ಮೆತ್ತನೆ ಮರವಾದರೆ ಅರ್ಧ ಗಂಟೆ ದಾಟಿ ಸ್ವಲ್ಪ ಹೊತ್ತು. ನಿಮ್ಮ ಬಾಗಿಲು ತಡೆಯಬೇಕಾದದ್ದು 60 ನಿಮಿಷ. ಒಂದು ಇಂಚೂ ಸಾಲಲಿಲ್ಲ, ಅಲ್ವಾ? ಹೀಗಿದ್ದೂ 12 ಎಂಎಂ ಪಟ್ಟಿ ಇರುವ ಬಾಗಿಲುಗಳು ಪರೀಕ್ಷೆ ಪಾಸಾಗುತ್ತವೆ. ಅಂದರೆ ಬೆಂಕಿ ತಡೆಯುವ ಕೆಲಸ ಬೇರೆ ಯಾರೋ ಮಾಡುತ್ತಿದ್ದಾರೆ.

ಆ ಬೇರೆಯವರು ಎಲ್ಲಿದ್ದಾರೆ ಅಂತ ನೋಡಬೇಕಾದರೆ ಬಾಗಿಲು ಅರ್ಧ ತೆರೆದು ಅದರ ಅಂಚು, ಇಲ್ಲವೇ ಚೌಕಟ್ಟಿನ ಒಳಮೈ ನೋಡಿ. ಉದ್ದಕ್ಕೂ ಒಂದು ತೋಡು ಕೊರೆದು ಅದರಲ್ಲಿ ತೆಳು ಪ್ಲಾಸ್ಟಿಕ್ ಹೊದಿಕೆಯ ಪಟ್ಟಿ ಕೂರಿಸಿರುತ್ತಾರೆ. ಸಾಮಾನ್ಯವಾಗಿ 10, 15 ಅಥವಾ 20 ಎಂಎಂ ಅಗಲ, 4 ಎಂಎಂ ದಪ್ಪ. ಇದೇ ಉಬ್ಬುವ ಪಟ್ಟಿ. ಇಂಟ್ಯೂಮೆಸೆಂಟ್ ಸ್ಟ್ರಿಪ್ ಅಂತ ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಒಳಗಿನ ಪದಾರ್ಥ ಗ್ರಾಫೈಟ್ ಆಗಿದ್ದರೆ ಸುಮಾರು 200 ಡಿಗ್ರಿ ಆಸುಪಾಸಿನಲ್ಲಿ ಅದು ಹಲವು ಪಟ್ಟು ಉಬ್ಬಿ ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದನ್ನು ತುಂಬಿಬಿಡುತ್ತದೆ. ಬೆಂಕಿಯನ್ನು ಹಿಡಿದು ನಿಲ್ಲಿಸುವುದು ಇದು. ಇದರ ಬಗ್ಗೆ ಸಂಶಯ ಇದ್ದರೆ ದೊಡ್ಡ ಆಸ್ಪತ್ರೆಗಳ ಓಣಿಯಲ್ಲಿ ಎರಡೂ ಕಡೆಗೆ ತೆರೆಯುವ ಬಾಗಿಲು ನೋಡಿದ್ದೀರಲ್ಲ, ಸ್ಟ್ರೆಚರ್ ದೂಡಿದರೆ ತೆರೆದು ಆಮೇಲೆ ತಾನೇ ನಡುವೆ ಬಂದು ನಿಲ್ಲುತ್ತೆ, ಅದನ್ನು ನೆನಪಿಸಿಕೊಳ್ಳಿ. ಆ ಥರದ ಬಾಗಿಲಿಗೆ ತಾಗುವ ಪಟ್ಟಿ ಇರಲು ಸಾಧ್ಯವೇ ಇಲ್ಲ. ಆದರೂ ಅಂಥ ಫೈರ್ ಡೋರುಗಳು ಪರೀಕ್ಷೆಯಲ್ಲಿ ಗೆದ್ದು ಪ್ರಮಾಣಪತ್ರ ಪಡೆದಿವೆ.

ಹಾಗಂತ ಮರದ ಪಟ್ಟಿ ಸುಮ್ನೆ ಅಲಂಕಾರಕ್ಕಲ್ಲ. ಉಬ್ಬುವ ಪಟ್ಟಿ ಕೆಲಸ ಮಾಡಬೇಕಾದರೆ ಎರಡು ಷರತ್ತಿವೆ. ಬಾಗಿಲು ಪೂರ್ತಿ ಹಾಕಿಕೊಂಡಿರಬೇಕು, ಲಾಕಿನ ನಾಲಿಗೆ ಒಳಗೆ ಕೂತಿರಬೇಕು. ಸಂದು ಸುತ್ತಲೂ 3 ಎಂಎಂ ಆಸುಪಾಸು, ಅಂದರೆ 2ಕ್ಕಿಂತ ಕಡಿಮೆ ಅಲ್ಲ 4ಕ್ಕಿಂತ ಜಾಸ್ತಿ ಅಲ್ಲ, ಹಾಗಿರಬೇಕು. ಬಾಗಿಲು ಎಲ್ಲಿ ಬಂದು ನಿಲ್ಲಬೇಕು ಅನ್ನುವುದನ್ನು ಮರದ ಪಟ್ಟಿ ತೀರ್ಮಾನ ಮಾಡುತ್ತದೆ. ಅದು ಒಂದೆರಡು ಎಂಎಂ ಹೊರಗೆ ಬಂದರೆ ನಾಲಿಗೆ ಕೂರುವುದಿಲ್ಲ. ಮರದ ಬಾಗಿಲಿಗೆ ಬೆಂಕಿ ಹತ್ತಿದಾಗ ಬಿಸಿಯಾದ ಬದಿಯ ಮರ ತೇವ ಕಳೆದುಕೊಂಡು ಕುಗ್ಗುತ್ತದೆ, ಮೂಲೆಗಳು ಬೆಂಕಿಯ ಕಡೆಗೆ ಬಾಗಲು ನೋಡುತ್ತವೆ. ಆಗ ನಾಲಿಗೆ ಕೂತಿರದ ಬಾಗಿಲು ತೆರೆದುಕೊಂಡುಬಿಡುತ್ತದೆ.

ಇನ್ನೊಂದು ಕೆಲಸ ಹೊಗೆಯದು. ಉಬ್ಬುವ ಪಟ್ಟಿ ಬಿಸಿ ತಾಗಿದ ಮೇಲೆ ಏಳುತ್ತದೆ. ಅದಕ್ಕೂ ಮೊದಲು ಬರುವ ತಣ್ಣನೆ ಹೊಗೆಗೆ ಅದು ಅಡ್ಡ ಬರುವುದಿಲ್ಲ. ಆ ಹೊತ್ತಿನಲ್ಲಿ ದಾರಿ ತಿರುಗಿಸಿ ಹೊಗೆಯನ್ನು ನಿಧಾನ ಮಾಡುವುದು ಮರದ ಪಟ್ಟಿ, ಅದರ ಜೊತೆ ಬ್ರಷ್ ಅಥವಾ ರಬ್ಬರಿನ ಸೀಲು. 2010ರ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಜನ ಸತ್ತರು. ಅಲ್ಲಿ ಜನರನ್ನು ಕಂಗೆಡಿಸಿದ್ದು ಮೇಲಿನ ಮಹಡಿಗಳನ್ನು ತುಂಬಿದ ಹೊಗೆ. ಹಾಸ್ಟೆಲ್ಲಿನಲ್ಲಿ ರಾತ್ರಿ ಮಲಗಿರುವ ಹುಡುಗಿಯರಿಗೆ ಮೆಟ್ಟಿಲು ಹೊಗೆಯಿಲ್ಲದೆ ಉಳಿದರೆ ಅರ್ಧ ಗೆದ್ದ ಹಾಗೆ.

ಈಗ ಒಂದು ಎಚ್ಚರಿಕೆ. 12 ಎಂಎಂ ಪಟ್ಟಿಯ ಬಾಗಿಲುಗಳೂ ಪಾಸಾಗುತ್ತವೆ ಅಂತ ನಾನು ಹೇಳಿದ್ದನ್ನು ನಿಮ್ಮ ಬಾಗಿಲಿಗೆ ಹಾಗೇ ಅಂಟಿಸಬೇಡಿ. ಫೈರ್ ಡೋರಿನ ಪರೀಕ್ಷೆಯಲ್ಲಿ ಬಾಗಿಲು, ಚೌಕಟ್ಟು, ಬಿಜಾಗರಿ, ಲಾಕು, ಪಟ್ಟಿ ಎಲ್ಲ ಸೇರಿಸಿ ಇಡೀ ಜೋಡಣೆಯನ್ನೇ ಕುಲುಮೆಯ ಮುಂದೆ ನಿಲ್ಲಿಸುತ್ತಾರೆ. ನಮ್ಮಲ್ಲಿ ರೂರ್ಕಿಯ ಸಿಬಿಆರ್‌ಐ, ಅಂದರೆ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ, ಇಂಥ ಪರೀಕ್ಷೆ ಮಾಡುತ್ತದೆ. ಭಾರತೀಯ ಮಾನದಂಡ ಐಎಸ್ 3614, ಈಗಿನದು 2021ರದು. ಪರೀಕ್ಷೆಗೆ ನಿಂತ ಜೋಡಣೆಯಲ್ಲಿ ಪಟ್ಟಿ ಎಷ್ಟು ದಪ್ಪ ಇತ್ತೋ, ಯಾವ ಮರದ್ದಿತ್ತೋ, ನಿಮ್ಮಲ್ಲೂ ಅದೇ ಇರಬೇಕು. ಪ್ಲೇಟಿನ ಮೇಲಿನ ತಯಾರಕರ ಹೆಸರು, ಸರಣಿ ಸಂಖ್ಯೆ ಫೋಟೊ ತೆಗೆದು ಅವರಿಗೆ ಕಳಿಸಿ. ಅಳವಡಿಕೆಯ ಹಾಳೆ ಅಂದರೆ ಇನ್‌ಸ್ಟಾಲೇಶನ್ ಶೀಟ್ ಕೇಳಿ ಪಡೆದುಕೊಳ್ಳಿ. ಅದರಲ್ಲಿ ಪಟ್ಟಿಯ ಅಳತೆ, ಮರ, ಸ್ಕ್ರೂ ಎಲ್ಲ ಇರುತ್ತದೆ. 120 ನಿಮಿಷದ ಬಾಗಿಲಾಗಿದ್ದರೆ ಕೆಲವರು ರಿಬೇಟ್ ಕೊರೆದ ಚೌಕಟ್ಟನ್ನೇ ಪರೀಕ್ಷೆಗೆ ಕೊಟ್ಟಿರಬಹುದು, ಆಗ ಅದನ್ನೇ ಪಾಲಿಸಬೇಕು. ಹಾಳೆಯಲ್ಲಿ ಬರೆದದ್ದಕ್ಕೂ ಕೆಳಗೆ ನಾನು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಹಾಳೆಯ ಮಾತೇ ಕೊನೆ.

ಇನ್ನು ಬಿಜಾಗರಿ ಕಡೆಯ ಪಟ್ಟಿ. ಅದು ಸಡಿಲಾಗಲು ನಾನು ಕಂಡಂತೆ ಎರಡೇ ಕಾರಣ.

ಮೊದಲನೆಯದು, ಬಾಗಿಲು ತೆರೆದಿಡಲು ಯಾರೋ ಏನೋ ತುರುಕುತ್ತಿದ್ದಾರೆ. ಹಾಸ್ಟೆಲ್ ಅಂದಮೇಲೆ ಇದು ಇದ್ದದ್ದೇ. ನೆಲದಲ್ಲಿ ಇಟ್ಟಿಗೆ ಇಟ್ಟರೆ ವಾರ್ಡನ್ ಕಣ್ಣಿಗೆ ಬೀಳುತ್ತೆ. ಅದಕ್ಕೆ ಬಿಜಾಗರಿಯ ಬದಿಗೆ, ಬಾಗಿಲಿಗೂ ಪಟ್ಟಿಗೂ ನಡುವೆ, ಮಡಚಿದ ಪೇಪರೋ ಮರದ ಚೂರೋ ಹಳೆ ಚಪ್ಪಲಿಯೋ ಸಿಕ್ಕಿಸುತ್ತಾರೆ. ಬಾಗಿಲನ್ನು ತಾನೇ ಮುಚ್ಚಿಸುವ ಡೋರ್ ಕ್ಲೋಸರ್ ಅದನ್ನು ಎಳೆಯುತ್ತಲೇ ಇರುತ್ತದೆ. ಬಾಗಿಲಿನ ಅಗಲವೆಲ್ಲ ಹಾರೆಯ ಹಿಡಿಯಾಗಿ, ಆ ಸಣ್ಣ ಚೂರಿನ ಮೇಲೆ ಬೀಳುವ ಒತ್ತಡ ಭಾರಿ ಇರುತ್ತೆ. ಪಟ್ಟಿ ಮೇಲೇಳುತ್ತದೆ, ಇಲ್ಲವೇ ಬಿಜಾಗರಿಯ ಸ್ಕ್ರೂ ಕೀಳುತ್ತದೆ. ಹೆಚ್ಚಾಗಿ ಎರಡೂ. ಪತ್ತೆ ಮಾಡುವುದು ಸುಲಭ. ಪಟ್ಟಿಯ ಅಂಚಿನ ಮೇಲೆ ಬೆರಳಾಡಿಸಿ. ಒಂದೇ ಎತ್ತರದಲ್ಲಿ ತಗ್ಗು ಬಿದ್ದಿದ್ದು ಕೈಗೆ ಹತ್ತುತ್ತದೆ, ಸಾಮಾನ್ಯವಾಗಿ ಮೊಣಕಾಲಿನ ಎತ್ತರ ಅಥವಾ ಸೊಂಟದ ಎತ್ತರ. ಎದುರಿನ ಬಾಗಿಲ ಮೈಯಲ್ಲೂ ಅದೇ ಎತ್ತರಕ್ಕೆ ಬಣ್ಣ ಹೋಗಿರುತ್ತದೆ.

ಎರಡನೆಯದು ಅಳವಡಿಸುವಾಗಲೇ ಆದ ತಪ್ಪು. ಬಿಜಾಗರಿ ಕಡೆಯ ಪಟ್ಟಿಯನ್ನು ಬಾಗಿಲಿಗೆ ಒತ್ತಿ ಹೊಡೆದಿರುತ್ತಾರೆ. ಆ ಬದಿಯಲ್ಲಿ ಬಾಗಿಲು ತಿರುಗುತ್ತಾ ಬಂದು ಪಟ್ಟಿಗೆ ಒತ್ತುತ್ತದೆ. ಜಾಗ ಬಿಟ್ಟಿಲ್ಲದಿದ್ದರೆ ಪ್ರತಿ ಸಲ ಹಾಕಿದಾಗಲೂ ಪಟ್ಟಿಗೆ ಒಂದು ತಳ್ಳು. ಇದರ ಮೇಲೆ ಮೂರು ಕೋಟು ಪೇಂಟ್ ಬಿದ್ದರಂತೂ ಕೇಳುವುದೇ ಬೇಡ. ಬಾಗಿಲು ಕೊನೆಯ ಒಂದಿಂಚಿಗೆ ಬಂದು ಸ್ಪ್ರಿಂಗಿನಂತೆ ವಾಪಸ್ ಬರುತ್ತದೆ. ಕ್ಲೋಸರ್ ಕೆಟ್ಟಿದೆ ಅಂದುಕೊಂಡು ಜನ ಅದನ್ನು ಇನ್ನೂ ಬಿಗಿ ಮಾಡುತ್ತಾರೆ, ಪಟ್ಟಿ ಇನ್ನೂ ಬೇಗ ಏಳುತ್ತದೆ. ತಿಳಿಯಬೇಕಾದರೆ ಬಾಗಿಲು ಹಾಕಿ ಒಂದು ಹಾಳೆ ಪೇಪರನ್ನು ಬಾಗಿಲಿಗೂ ಪಟ್ಟಿಗೂ ನಡುವೆ ತೂರಿಸಿ ನೋಡಿ. ಬಿಜಾಗರಿ ಕಡೆ ಅದು ಸಲೀಸಾಗಿ ಮೇಲೆ ಕೆಳಗೆ ಓಡಾಡಬೇಕು. ಲಾಕಿನ ಕಡೆ ಸ್ವಲ್ಪ ಹಿಡಿದುಕೊಂಡು ಬರಬೇಕು. ಬಿಜಾಗರಿ ಕಡೆ ಹರಿದು ಬಂದರೆ ಕಾರಣ ಸಿಕ್ಕಿತು.

ಯಾವ ಕಾರಣ ಅಂತ ಗೊತ್ತಾದ ಮೇಲೆಯೇ ಪಟ್ಟಿಗೆ ಕೈ ಹಾಕಿ. ಮೊದಲನೆಯ ಕಾರಣವಾದರೆ ಎಷ್ಟು ಗಟ್ಟಿಯಾಗಿ ಹೊಡೆದರೂ ಮತ್ತೆ ಏಳುತ್ತದೆ. ಹುಡುಗಿಯರಿಗೆ ಬೈಯುವುದಕ್ಕಿಂತ ಅವರು ಯಾಕೆ ತೆರೆದಿಡುತ್ತಾರೆ ಅಂತ ಕೇಳಿ. ಓಣಿಗೆ ಗಾಳಿ ಬರೋಲ್ಲ, ಬಕೆಟ್ ಹಿಡಿದುಕೊಂಡು ಬಾಗಿಲು ತಳ್ಳೋಕೆ ಆಗೋಲ್ಲ ಅಂತ ಏನೋ ಇರುತ್ತದೆ. ನಿಜವಾಗಿಯೂ ಹಗಲೆಲ್ಲ ತೆರೆದಿಡಬೇಕಾದ ಬಾಗಿಲಾದರೆ, ಫೈರ್ ಅಲಾರಂ ಹೊಡೆದಾಗ ಕರೆಂಟ್ ಕಡಿದುಹೋಗಿ ತಾನೇ ಬಿಟ್ಟುಕೊಳ್ಳುವ ಮ್ಯಾಗ್ನೆಟ್ ಸಿಗುತ್ತದೆ. ಅದಕ್ಕೆ ದುಡ್ಡು ಹಾಕುವುದು ಪ್ರತಿ ವರ್ಷ ಪಟ್ಟಿ ಹೊಡೆಸುವುದಕ್ಕಿಂತ ಮೇಲು.

ಹೊಸ ಪಟ್ಟಿಗೆ ಮರ ಯಾವುದು? ಚೌಕಟ್ಟಿಗೆ ಯಾವ ಮರವೋ ಅದೇ, ಅಥವಾ ಅಷ್ಟೇ ತೂಕದ್ದು. ಸಾಗವಾನಿಯ ಸಾಂದ್ರತೆ ಒಂದು ಘನ ಮೀಟರಿಗೆ ಸುಮಾರು 650 ಕೆಜಿ, ಹೊನ್ನೆ ಮತ್ತು ಮತ್ತಿ ಇನ್ನೂ ಭಾರ. 60 ನಿಮಿಷದ ಬಾಗಿಲಿಗೆ ಈ ಜಾತಿಯ ಗಟ್ಟಿ ಮರ ಬೇಕು. ಸಿಲ್ವರ್ ಓಕ್, ಪೈನ್ ಪ್ಯಾಕಿಂಗ್ ಪೆಟ್ಟಿಗೆಯ ತುಂಡು ಇವೆಲ್ಲ ಬೇಡ. ಪ್ಲೈವುಡ್ ಯಾಕೆ ಬೇಡ ಅಂದರೆ, 12 ಎಂಎಂ ಪ್ಲೈಯನ್ನು ಒಂದೂವರೆ ಇಂಚು ಅಗಲಕ್ಕೆ ಸೀಳಿದಾಗ ಅಂಚಿನ ಪದರಗಳು ಬಾಯಿ ಬಿಡುತ್ತವೆ. ಸ್ಕ್ರೂ ಸರಿಯಾಗಿ ಹಿಡಿಯುವುದಿಲ್ಲ. ನೆಲ ಒರೆಸುವ ನೀರು ತಾಗಿದರೆ ಕೆಳಗಿನಿಂದ ಉಬ್ಬುತ್ತದೆ. ಮುಖ್ಯವಾಗಿ, ನಿಮ್ಮ ಬಾಗಿಲಿನ ಪರೀಕ್ಷೆಯಲ್ಲಿ ಅದು ಇರಲಿಲ್ಲ. ಪಿವಿಸಿ ಬೀಡಿಂಗಿನ ವಿಷಯ ನಾನು ಹೇಳಬೇಕಾಗಿಯೇ ಇಲ್ಲ, ಬೆಂಕಿಗೆ ಮೊದಲು ಕರಗಿ ಬೀಳುವುದು ಅದೇ.

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಅನುಕೂಲ ಇದೆ. ಹಳೆ ವಾಡೆಗಳನ್ನು ಕೆಡವಿದಾಗ ಬರುವ ಸಾಗವಾನಿ ತೊಲೆಗಳು ಮಾರಾಟಕ್ಕೆ ಸಿಗುತ್ತವೆ. ಹತ್ತಾರು ವರ್ಷ ಒಣಗಿದ ಮರ ಅದು. ಹೊಸದಾಗಿ ಕೊಯ್ದ ಮರದಂತೆ ತಿರುಚಿಕೊಳ್ಳುವುದಿಲ್ಲ. ಒಳಗೆ ಮೊಳೆ ಇದೆಯಾ, ಒರಲೆ ತಿಂದಿದೆಯಾ ನೋಡಿ ತಗೊಳ್ಳಿ. ಗಂಟಿಲ್ಲದ, ನೇರ ಎಳೆಯ ಭಾಗದಲ್ಲಿ ಪಟ್ಟಿ ಸೀಳಿಸಿ. ಹೊಸ ಮರವೇ ಆದರೆ ಪಟ್ಟಿ ಸೀಳಿಸಿದ ಮೇಲೆ ಎರಡು ಮೂರು ವಾರ ಹಾಸ್ಟೆಲ್ಲಿನ ಒಳಗೇ ನೆರಳಲ್ಲಿ ಮಲಗಿಸಿಡಿ. ಅಷ್ಟರಲ್ಲಿ ತಿರುಚಬೇಕಾದ್ದು ತಿರುಚಿಕೊಂಡಿರುತ್ತದೆ, ಅದನ್ನು ಬದಿಗಿಟ್ಟು ಉಳಿದದ್ದನ್ನು ಬಳಸಿ.

ಹೊಡೆಯುವಾಗ ಬಡಿಗೇರರು ಸಾಮಾನ್ಯವಾಗಿ ಮಾಡುವುದು ಏನೆಂದರೆ, ಚೌಕಟ್ಟಿನ ಅಂಚಿನಿಂದ ಬಾಗಿಲಿನ ದಪ್ಪ ಅಳೆದು ಗೀಟು ಎಳೆದು ಪಟ್ಟಿ ಹೊಡೆದು, ಆಮೇಲೆ ಬಾಗಿಲು ಹಾಕಿ ನೋಡುತ್ತಾರೆ. ಉಲ್ಟಾ ಮಾಡಿಸಿ. ಬಾಗಿಲು ಮೊದಲು ನೆಟ್ಟಗೆ ನಿಲ್ಲಬೇಕು, ಪಟ್ಟಿ ಬಾಗಿಲನ್ನು ನೋಡಿಕೊಂಡು ಬರಬೇಕು. ಬಿಜಾಗರಿಯ ಸ್ಕ್ರೂ ಬಿಗಿ ಇದೆಯಾ, ಸಂದು ಸರಿ ಇದೆಯಾ ನೋಡಿ. ಸಂದು ಅಳೆಯಲು ಬಡಿಗೇರರ ಚೀಲದಲ್ಲೇ ಸಾಧನ ಇರುತ್ತೆ. 1 ಎಂಎಂ ಸನ್‌ಮೈಕಾ ತುಂಡು ಮೂರು ಸೇರಿಸಿ ಅಂಟಿಸಿದರೆ 3 ಎಂಎಂ ಅಳತೆಗೋಲು. ಅದನ್ನು ಸಂದಿಯಲ್ಲಿ ಸುತ್ತಲೂ ಓಡಿಸಿ. ಎಲ್ಲೆಲ್ಲೂ ಒಂದೇ ರೀತಿ ಹಿಡಿದುಕೊಂಡು ಹೋದರೆ ಬಾಗಿಲು ಸರಿಯಾಗಿ ಕೂತಿದೆ. ನಾಲ್ಕು ತುಂಡು ಸೇರಿಸಿದ್ದೂ ಸಡಿಲವಾಗಿ ಹೋದರೆ ಪಟ್ಟಿ ಹೊಡೆಯುವ ಮೊದಲು ಬಿಜಾಗರಿ ನೋಡಬೇಕು.

ಆಮೇಲೆ ಬಾಗಿಲು ಹಾಕಿ, ನಾಲಿಗೆ ಕೂರಿಸಿ, ಪಟ್ಟಿ ಬರುವ ಬದಿಯಿಂದ ಬಾಗಿಲಿನ ಮುಖದ ಗುಂಟ ಚೌಕಟ್ಟಿನ ಮೇಲೆ ಸೀಸದ ಕಡ್ಡಿಯಲ್ಲಿ ಗೀಟು ಎಳೆಯಿರಿ. ಮೊದಲು ಮೇಲಿನ ಪಟ್ಟಿ, ಆಮೇಲೆ ಲಾಕಿನ ಕಡೆಯದು, ಕೊನೆಗೆ ಬಿಜಾಗರಿ ಕಡೆಯದು. ಲಾಕಿನ ಕಡೆ ಗೀಟಿಗೆ ತಾಗಿಸಿ. ಬಿಜಾಗರಿ ಕಡೆ ಗೀಟಿನಿಂದ ಒಂದರಿಂದ ಒಂದೂವರೆ ಎಂಎಂ ಹಿಂದಕ್ಕೆ, ಅಲ್ಲೂ ಒಂದು ಸನ್‌ಮೈಕಾ ತುಂಡು ನಡುವೆ ಇಟ್ಟರೆ ಅಳತೆ ಬಂತು. ಮೇಲಿನ ಪಟ್ಟಿ ಒಂದು ತುದಿಯಲ್ಲಿ ತಾಗಿ ಇನ್ನೊಂದು ತುದಿಯಲ್ಲಿ ಅಷ್ಟೇ ಹಿಂದೆ ಸರಿದು ಎರಡನ್ನೂ ಕೂಡಿಸುತ್ತದೆ. ಬಣ್ಣ ಬಳಿಯುವುದಿದ್ದರೆ ಬಣ್ಣದ ದಪ್ಪಕ್ಕೂ ಜಾಗ ಇರಲಿ. ಪಟ್ಟಿಯಲ್ಲೇ ರಬ್ಬರ್ ಸೀಲು ಕೂರುವ ಮಾದರಿಯಾದರೆ ಅದು ಅರ್ಧ ಒತ್ತಿಕೊಂಡಾಗ ನಾಲಿಗೆ ಕೂರುವಂತೆ ಗೀಟು ಹಾಕಿ.

ಮೊದಲು ಎಲ್ಲ ಸ್ಕ್ರೂ ಹಾಕಬೇಡಿ. ಪ್ರತಿ ಪಟ್ಟಿಗೆ ಎರಡು ಸಣ್ಣ ಮೊಳೆ ಅರ್ಧ ಹೊಡೆದು ಬಿಡಿ. ಬಾಗಿಲನ್ನು ಪೂರ್ತಿ ತೆರೆದು ಬಿಟ್ಟುಬಿಡಿ, ಅರ್ಧ ತೆರೆದು ಬಿಡಿ, ಒಂದು ಗೇಣು ತೆರೆದು ಬಿಡಿ. ಮೂರೂ ಸಲ ಕ್ಲೋಸರ್ ಅದನ್ನು ತಾನೇ ಎಳೆದು ನಾಲಿಗೆ ಕೂರಿಸಬೇಕು. ಕಟಕ್ ಅನ್ನುವ ಸದ್ದು ಬರಬೇಕು. ಬಂದರೆ ಬಿಗಿ ಮಾಡಿ.

ಸ್ಕ್ರೂ 250-300 ಎಂಎಂಗೆ ಒಂದರಂತೆ, ತುದಿಯಿಂದ ಎರಡು ಮೂರು ಇಂಚಿನಲ್ಲಿ ಮೊದಲನೆಯದು. 12 ಎಂಎಂ ಪಟ್ಟಿಗೆ 40 ಎಂಎಂ ಉದ್ದದ್ದಾದರೆ ಒಂದು ಇಂಚಿಗೂ ಜಾಸ್ತಿ ಚೌಕಟ್ಟಿನೊಳಗೆ ಹೋಗುತ್ತದೆ. ಮೊದಲು ಸಣ್ಣ ರಂಧ್ರ ಕೊರೆದು ಹಾಕಿ, ಸಾಗವಾನಿ ಸೀಳುತ್ತದೆ. ಉಬ್ಬುವ ಪಟ್ಟಿ ಚೌಕಟ್ಟಿನಲ್ಲಿದ್ದರೆ ಸ್ಕ್ರೂ ಅದರ ತೋಡನ್ನು ಮುಟ್ಟದಂತೆ ನೋಡಿಕೊಳ್ಳಿ. ಬರೀ ಫೆವಿಕಾಲ್ ಹಚ್ಚಿ ತಲೆಯಿಲ್ಲದ ಮೊಳೆ ಹೊಡೆಯುವ ರೂಢಿ ನನಗೆ ಹಿಡಿಸುವುದಿಲ್ಲ. ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಜೊತೆಗೆ ಅಂಟಿಸಿದ ಪಟ್ಟಿಯನ್ನು ಮುಂದೆ ಒಂದು ಎಂಎಂ ಸರಿಸಬೇಕಾದರೆ ಉಳಿಯಿಂದ ಒಡೆದೇ ತೆಗೆಯಬೇಕು. ಸ್ಕ್ರೂ ಆದರೆ ಬಿಚ್ಚಿ ಹಾಕಬಹುದು. ತಯಾರಕರ ಹಾಳೆ ಅಂಟು ಮತ್ತು ಸ್ಕ್ರೂ ಎರಡೂ ಕೇಳಿದರೆ ಮಾತ್ರ ಎರಡೂ ಹಾಕಿ.

ಹಳೆ ತೂತುಗಳ ವಿಷಯ. ಪಟ್ಟಿ ಎದ್ದ ಜಾಗದಲ್ಲಿ ಚೌಕಟ್ಟಿನ ತೂತು ದೊಡ್ಡದಾಗಿರುತ್ತದೆ. ಅದಕ್ಕೆ ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿ ಮಾಡುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ಫೈರ್ ಡೋರಿಗೆ ಬೆಂಕಿಕಡ್ಡಿ, ನೋಡಿ ಮಜಾ! ಗಟ್ಟಿ ಮರದ ಗೂಟ ಮಾಡಿ ಅಂಟಿನಲ್ಲಿ ಹೊಡೆದು, ಒಣಗಿದ ಮೇಲೆ ಮೇಲ್ಮಟ್ಟಕ್ಕೆ ಕತ್ತರಿಸಿ, ಹೊಸದಾಗಿ ಕೊರೆಯಬೇಕು. ಅದಕ್ಕಿಂತ ಸುಲಭ, ಹೊಸ ಪಟ್ಟಿಯ ಸ್ಕ್ರೂಗಳನ್ನು ಹಳೆ ತೂತಿನಿಂದ ಎರಡು ಇಂಚು ಮೇಲೆ ಕೆಳಗೆ ಸರಿಸಿಬಿಡುವುದು. ಆದರೂ ಹಳೆ ತೂತು ಗೂಟದಿಂದ ಮುಚ್ಚಿ.

ಬುಡ ಕೊಳೆತ ಪಟ್ಟಿಗೆ ತೇಪೆ ಹಾಕಬೇಡಿ, ಉದ್ದಕ್ಕೂ ಬದಲಿಸಿ. ಏಳು ಅಡಿ ಪಟ್ಟಿಗೆ ಎಷ್ಟಾದೀತು? ಕೊಳೆಯುವುದು ದಿನಾ ನೆಲ ಒರೆಸುವ ಫಿನೈಲ್ ನೀರಿನಿಂದ. ಮರ ಅಡ್ಡ ಕೊಯ್ದ ತುದಿಯಿಂದ ನೀರು ಹೀರಿಕೊಳ್ಳುತ್ತದೆ. ಹೊಸ ಪಟ್ಟಿಯ ಬುಡವನ್ನು ನೆಲಕ್ಕೆ ಮುಟ್ಟಿಸದೆ 2-3 ಎಂಎಂ ಮೇಲಿಡಿ, ಕೂರಿಸುವ ಮೊದಲು ಆ ತುದಿಗೆ ಎರಡು ಮೂರು ಸಲ ಪ್ರೈಮರ್ ಕುಡಿಸಿ. ಪಟ್ಟಿ ತೆಗೆದಾಗ ಹಿಂದಿನ ಚೌಕಟ್ಟಿನ ಬುಡಕ್ಕೆ ಉಳಿಯ ತುದಿ ಒತ್ತಿ ನೋಡಿ. ಸಲೀಸಾಗಿ ಒಳಗೆ ಹೋದರೆ, ಮಣ್ಣಿನ ಗೆರೆ ಕಂಡರೆ, ಆಗ ಮಾತ್ರ ಚೌಕಟ್ಟಿನ ವಿಚಾರ ತೆಗೆಯಬೇಕು.

ಮಳೆಗಾಲದ ತೊಂದರೆಗೆ ಬರೋಣ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮರ ಉಬ್ಬುತ್ತದೆ, ಹೋಳಿ ಹೊತ್ತಿಗೆ ಒಣಗಾಳಿಗೆ ಕುಗ್ಗುತ್ತದೆ. ಶ್ರಾವಣದಲ್ಲಿ ರಂದಾ ಹೊಡೆಸಿದ ಬಾಗಿಲಿಗೆ ಹೋಳಿಯಲ್ಲಿ 5-6 ಎಂಎಂ ಸಂದು ಬಿಟ್ಟಿರುತ್ತದೆ, ಕಿರುಬೆರಳಿನ ಉಗುರು ತೂರುವಷ್ಟು. ಅಲ್ಲಿಗೆ ಉಬ್ಬುವ ಪಟ್ಟಿಗೆ ಆ ಸಂದು ಮುಚ್ಚುವುದು ಕಷ್ಟವಾಯಿತು. ಅದೂ ಅಲ್ಲದೆ ಬಾಗಿಲಿನ ಅಂಚಿಗೆ ಗಟ್ಟಿ ಮರದ ತೆಳು ಅಂಚುಪಟ್ಟಿ (ಲಿಪ್ಪಿಂಗ್) ಕೂರಿಸಿರುತ್ತಾರೆ. ರಂದಾ ಅದನ್ನು ತಿನ್ನುತ್ತದೆ. ಉಬ್ಬುವ ಪಟ್ಟಿ ಬಾಗಿಲಿನ ಅಂಚಿನಲ್ಲೇ ಇದ್ದರೆ ಅದನ್ನೂ. ತಯಾರಕರು ಎಷ್ಟು ಎಂಎಂ ತೆಗೆಯಬಹುದು ಅಂತ ಬರೆದುಕೊಟ್ಟಿದ್ದರೆ ಅಷ್ಟರೊಳಗೆ ಮಾತ್ರ, ಅದೂ ಕೊನೆಯ ದಾರಿಯಾಗಿ.

ಮೊದಲು ಬಾಗಿಲಿನ ಮೇಲಂಚು ನೋಡಿ. ಯಾರೂ ನೋಡದ ಜಾಗ ಅದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಆನ್ ಮಾಡಿ ಕೈ ಮೇಲೆತ್ತಿ ಹಿಡಿದರೆ ಕಾಣುತ್ತದೆ. ಹತ್ತರಲ್ಲಿ ಎಂಟು ಬಾಗಿಲಿಗೆ ಅಲ್ಲಿ ಬಣ್ಣವೇ ಇರುವುದಿಲ್ಲ, ಬರೀ ಮರ, ಅದರ ಮೇಲೆ ಧೂಳು. ಅಲ್ಲಿಂದಲೂ ಕೆಳಂಚಿನಿಂದಲೂ ಬಾಗಿಲು ತೇವ ಕುಡಿಯುತ್ತದೆ. ಬೇಸಿಗೆಯಲ್ಲಿ ಒಣಗಿದ್ದಾಗ ಎರಡೂ ಅಂಚಿಗೆ ಬಣ್ಣ ಬಳಿಸಿ. ಅರ್ಧ ರೋಗ ಅಲ್ಲೇ ಹೋಗುತ್ತದೆ.

ಅದಾದ ಮೇಲೂ ಬಿಗಿಯೇ ಇದ್ದರೆ ಚೌಕಟ್ಟಿನ ಎರಡು ಕರ್ಣ ಟೇಪಿನಲ್ಲಿ ಅಳೆಯಿರಿ, ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ, ಹಾಗೇ ಇನ್ನೊಂದು. ಎರಡೂ ಸರಿಸಮ ಬರದಿದ್ದರೆ ಚೌಕಟ್ಟು ವಾಲಿದೆ. ಹುಬ್ಬಳ್ಳಿಯಲ್ಲಿ ಇದನ್ನು ಹಗುರವಾಗಿ ತಗೊಳ್ಳಬೇಡಿ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಸರಿಯಾಗಿ ಹಾಕದ ಕಟ್ಟಡ ಅದರ ಜೊತೆ ಏಳುತ್ತೆ, ಇಳಿಯುತ್ತೆ. ಬಾಗಿಲಿನ ಮೇಲಿನ ಮೂಲೆಯಿಂದ ಗೋಡೆಯಲ್ಲಿ ಓರೆಯಾಗಿ ಬಿರುಕು ಹೊರಟಿದೆಯಾ ನೋಡಿ. ಅದು ಮಳೆಗಾಲಕ್ಕೂ ಬೇಸಿಗೆಗೂ ಅಗಲ ಬದಲಿಸುತ್ತಿದ್ದರೆ ಬಡಿಗೇರರ ಕೈಯಲ್ಲಿ ಆಗುವ ಕೆಲಸ ಅಲ್ಲ, ಸ್ಟ್ರಕ್ಚರಲ್ ಎಂಜಿನಿಯರ್ ಬರಬೇಕು.

ಬಣ್ಣ ಬಳಿಯುವವರಿಗೆ ಮೂರು ಮಾತು ಹೇಳಿ. ಉಬ್ಬುವ ಪಟ್ಟಿಯ ಮೇಲೆ ಪುಟ್ಟಿ ತುಂಬಬಾರದು. ಹೊಗೆ ತಡೆಯುವ ಬ್ರಷ್ಷಿಗೆ ಎನಾಮಲ್ ತಾಗಿಸಬಾರದು, ಒಣಗಿದರೆ ಅದು ಕಡ್ಡಿಯಾಗಿ ನಿಲ್ಲುತ್ತೆ, ಅದರ ಮೇಲೆ ಟೇಪು ಹಚ್ಚಿ ಬಳಿಯಲಿ. ಹಳೆ ಬಣ್ಣ ಕೀಳಲು ಚೌಕಟ್ಟಿನ ಹತ್ತಿರ ಹೀಟ್ ಗನ್ ತರಲೇಬಾರದು, ಉಬ್ಬುವ ಪಟ್ಟಿ ಅವತ್ತೇ ಉಬ್ಬಿಬಿಡುತ್ತದೆ. ದೀಪಾವಳಿಗೆ ತೋರಣ ಕಟ್ಟಲು ಈ ಚೌಕಟ್ಟಿಗೆ ಮೊಳೆ ಹೊಡೆಯುವುದೂ ಬೇಡ. ಗೋಡೆಗೆ ಹೊಡೆದುಕೊಳ್ಳಲಿ.

ಪಟ್ಟಿ ತೆಗೆಯುವಾಗ ಇನ್ನೊಂದನ್ನೂ ನೋಡಿಬಿಡಿ. ಚೌಕಟ್ಟಿಗೂ ಗೋಡೆಗೂ ನಡುವೆ ಏನು ತುಂಬಿದ್ದಾರೆ? ಪಟ್ಟಿಯನ್ನು ಕೈಯಲ್ಲಿ ಅಲ್ಲಾಡಿಸಿದಾಗ ಚೌಕಟ್ಟೇ ಅಲ್ಲಾಡಿದರೆ, ಮೂಲೆಯಿಂದ ಹಳದಿ ಫೋಮ್ ಇಣುಕಿದರೆ, ಅದು ಮಾಮೂಲಿ ಪಿಯು (ಪಾಲಿಯುರೆಥೇನ್) ಫೋಮ್ ಆಗಿರಬಹುದು. ಅದು ಉರಿಯುತ್ತದೆ. ಕೆರೆದು ತೆಗೆದು ಗಾರೆ ತುಂಬಿಸಬೇಕು, ಇಲ್ಲವೇ ರಾಕ್‌ವೂಲ್ ಅಂದರೆ ಉರಿಯದ ಕಲ್ಲುನಾರು ಒತ್ತಿ, ಮೇಲೆ ಬೆಂಕಿ ತಡೆಯುವ ಫೈರ್ ಸೀಲಂಟ್ ಹಚ್ಚಬೇಕು. ಇದು ಪಟ್ಟಿಗಿಂತ ದೊಡ್ಡ ದೋಷ.

ಮುಂದೆ ನೋಡಿಕೊಳ್ಳುವುದು ಹೇಗೆ ಅಂದರೆ, ವರ್ಷದಲ್ಲಿ ಎರಡು ಸಲ ಸರಿಯಾಗಿ ಅಳೆದರೆ ಸಾಕು. ಹೋಳಿ ಆಸುಪಾಸು ಒಂದು ಸಲ, ಆಗ ಸಂದು ಅತಿ ಜಾಸ್ತಿ ಇರುತ್ತೆ, ಆಗಲೂ 4 ಎಂಎಂ ದಾಟಬಾರದು. ಶ್ರಾವಣದಲ್ಲಿ ಒಂದು ಸಲ, ಆಗ ಬಾಗಿಲು ತಾನೇ ಹಾಕಿಕೊಂಡು ನಾಲಿಗೆ ಕೂರಬೇಕು. ಉಳಿದಂತೆ ತಿಂಗಳಿಗೊಮ್ಮೆ ವಾರ್ಡನ್ ಬಾಗಿಲು ಬಿಟ್ಟು ಕಟಕ್ ಸದ್ದು ಕೇಳಿ, ಪಟ್ಟಿಯ ಮೇಲೆ ಬೆರಳಾಡಿಸಿ ಬಂದರೆ ಆಯಿತು. ಬಾಗಿಲಿಗೆ ನಂಬರ್ ಹಾಕಿ ಒಂದು ವಹಿಯಲ್ಲಿ ತಾರೀಖು, ಸಂದಿನ ಅಳತೆ, ಏನು ದುರಸ್ತಿ ಆಯಿತು ಬರೆದಿಡಿ. ತಯಾರಕರ ಹಾಳೆಯನ್ನೂ ಅದಕ್ಕೇ ಪಿನ್ ಮಾಡಿ. ಅಗ್ನಿಶಾಮಕ ಇಲಾಖೆಯವರು ತಪಾಸಣೆಗೆ ಬಂದಾಗ ಪಟ್ಟಿ ಯಾಕೆ ಹೊಸದಾಗಿದೆ ಅಂತ ಕೇಳಿದರೆ ತೋರಿಸಲು ಇರುತ್ತದೆ.

ಯಾರ ಮಾತು ಕೇಳಬೇಕು ಅಂತಲೂ ಕೇಳಿದ್ದೀರಿ. ಕೆಲಸ ಎರಡನೆಯವರಿಗೆ ಕೊಡಿ. ಒಂದು ಇಂಚಿನ ಬಗ್ಗೆ ಅಷ್ಟು ಹಟ ಹಿಡಿಯುವವರು ಒಂದು ಎಂಎಂ ಬಗ್ಗೆಯೂ ಹಿಡಿಯುತ್ತಾರೆ. ಹಾಳೆ ಬಂದ ಮೇಲೆ ಅವರ ಮುಂದಿಟ್ಟು ಮಾತಾಡಿ, ಮತ್ತು ಮೊದಲು ಒಂದೇ ಬಾಗಿಲು ಮಾಡಿಸಿ ನೋಡಿ.